ಆ ಹತ್ತು ವರ್ಷ ಹಾಳಾಗುತ್ತದೆಯೇ?

ತಂಗೀ,

ಸಾಗರದ ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದುಡಿಯುತ್ತಲೇ ಹೊರದೇಶದ ವೈದ್ಯರಿಗೆ ಆಸ್ಟ್ರೇಲಿಯದ ವೈದ್ಯಕೀಯ ಮಂಡಳಿ ನಡೆಸುವ ಎಎಂಸಿ ಪರೀಕ್ಷೆಯ ಮೊದಲ ಭಾಗ ಮುಗಿಸಿದ್ದೀಯ, ಬಹಳ ಸಂತೋಷ. ನೀನು ಕೇಳಿದ್ದು ಎರಡು. ಹೊರದೇಶದಲ್ಲಿ ಓದಿದ ವೈದ್ಯರನ್ನು ಆಸ್ಟ್ರೇಲಿಯದಲ್ಲಿ ಹತ್ತು ವರ್ಷ ಕೊಂಪೆಗೆ ಅಟ್ಟುತ್ತಾರಂತೆ, ಆ ವರ್ಷಗಳು ಹಾಳೇ? ಕನ್ನಡದವರು ಸಿಗುತ್ತಾರೆಯೇ?

ಎರಡನೆಯದು ಬೇಗ ಮುಗಿಯುತ್ತದೆ. ಮೆಲ್ಬರ್ನ್, ಸಿಡ್ನಿಯಲ್ಲಿ ಕನ್ನಡ ಸಂಘಗಳಿವೆ, ರಾಜ್ಯೋತ್ಸವ ನಡೆಯುತ್ತದೆ. ದೇಶದ ನಟ್ಟನಡುವಿನ ಆಲಿಸ್ ಸ್ಪ್ರಿಂಗ್ಸ್ ಊರಿನ ಆಚೆಯ ಮರಳುಗಾಡಿನಲ್ಲಿ ಅದನ್ನೆಲ್ಲ ನಿರೀಕ್ಷಿಸಬೇಡ. ಅಪ್ಪೆಮಿಡಿ ಉಪ್ಪಿನಕಾಯಿ ತರುವುದಾದರೆ ವಿಮಾನದಲ್ಲಿ ಕೊಡುವ ಚೀಟಿಯಲ್ಲಿ ತಪ್ಪದೆ ಬರೆ. ಬಚ್ಚಿಟ್ಟು ಸಿಕ್ಕಿಬಿದ್ದರೆ ಭಾರಿ ದಂಡ.

ಹತ್ತು ವರ್ಷದ ನಿಯಮ ನಿಜ. ನಿನ್ನಂಥವರು ಕೊಡುವ ಚಿಕಿತ್ಸೆಗೆ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆಯ ಹಣ ಸಿಗಬೇಕಾದರೆ ಸಾಮಾನ್ಯವಾಗಿ 10 ವರ್ಷ ವೈದ್ಯರ ಕೊರತೆಯಿರುವ ಪ್ರದೇಶದಲ್ಲೇ ಇರಬೇಕು. ದೂರದ ಊರಿಗೆ ಹೋದಷ್ಟೂ ಅವಧಿ ಇಳಿಯುತ್ತದೆ. ನಮ್ಮವರು ಅನೇಕರು ಇದನ್ನು ಸಜೆಯಂತೆ ಎಣಿಸುತ್ತಾರೆ. ಮಕ್ಕಳ ಶಾಲೆಯ ಚಿಂತೆ ಇದ್ದವರನ್ನು ನಾನು ದೂರುವುದಿಲ್ಲ. ಉಳಿದವರ ಬಗ್ಗೆ ನನಗೆ ಅಷ್ಟು ಸಹನೆಯಿಲ್ಲ.

ಏಕೆಂದರೆ ನಾನು ಕೆಲಸ ಕಲಿತದ್ದು ಆ ನಿಯಮವೇ ತಾಗದ ಒಬ್ಬ ಹಿರಿಯ ವೈದ್ಯರ ಕೈಕೆಳಗೆ. 1975ರಲ್ಲಿ ಸೈಗಾನ್ ಪತನವಾದ ಮೇಲೆ ವಿಯೆಟ್ನಾಮ್ ಬಿಟ್ಟು ದೋಣಿ ಹತ್ತಿದ ಕುಟುಂಬದ ಹುಡುಗ ಅವರು. ಮಲೇಷ್ಯದ ಬಿಡಾಂಗ್ ದ್ವೀಪದ ನಿರಾಶ್ರಿತರ ಶಿಬಿರದಲ್ಲಿ ಇದ್ದು ಬಂದವರು. ಸುಮಾರು ಒಂದು ಚದರ ಕಿಲೋಮೀಟರಿನ ಆ ದ್ವೀಪದಲ್ಲಿ 1979ರ ಹೊತ್ತಿಗೆ 40,000ದಷ್ಟು ಜನ ತುಂಬಿದ್ದರು. ಆಸ್ಟ್ರೇಲಿಯದಲ್ಲೇ ಓದಿ ವೈದ್ಯರಾದರು. ನಗರದಲ್ಲಿ ಕ್ಲಿನಿಕ್ ತೆರೆದು ಹಾಯಾಗಿರಬಹುದಿತ್ತು. ಮೂಲನಿವಾಸಿಗಳ ಊರುಗಳಿಗೆ ಹೋಗಿ ಅಲ್ಲೇ ತಲೆ ನರೆಸಿಕೊಂಡರು. ಏಕೆಂದು ಕೇಳಿದರೆ "ಅಲ್ಲಿ ಕೆಲಸವಿತ್ತು" ಎನ್ನುತ್ತಿದ್ದರು, ಅಷ್ಟೇ.

ಲಿಂಗನಮಕ್ಕಿ ಹಿನ್ನೀರಿನಲ್ಲಿ ನಮ್ಮ ಅಜ್ಜನ ಮನೆ, ಗದ್ದೆ ಮುಳುಗಿದ ಕಥೆಯನ್ನು ಒಮ್ಮೆ ಅವರಿಗೆ ಹೇಳಿದೆ. ಬೇರೆಯವರಾದರೆ ಅಯ್ಯೋ ಎನ್ನುತ್ತಾರೆ. ಅವರು ಕೇಳಿದ್ದು, "ಹೋದ ಜಾಗದಲ್ಲಿ ಕಾಗದಪತ್ರ ಕೊಟ್ಟರೇ?" ಶರಾವತಿ ಮುಳುಗಡೆ ಸಂತ್ರಸ್ತರಲ್ಲಿ ಎಷ್ಟೋ ಜನ ಆರು ದಶಕ ಕಳೆದರೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ ಎಂದೆ. ಅಂದಿನಿಂದ ನನ್ನನ್ನು ತಮ್ಮ ಪೈಕಿಯವಳೆಂದೇ ಲೆಕ್ಕ ಹಿಡಿದರೆಂದು ಕಾಣುತ್ತದೆ.

ಅವರು ಹೇಳುತ್ತಿದ್ದ ಕೆಲಸ ಯಾವುದೆಂದರೆ, ಅಲ್ಲಿನ ಮೂಲನಿವಾಸಿ ಮಕ್ಕಳಲ್ಲಿ ಸಂಧಿವಾತ ಜ್ವರ (ರುಮ್ಯಾಟಿಕ್ ಫೀವರ್) ಇಂದಿಗೂ ಹೆಚ್ಚು, ಅದರಿಂದ ಹೃದಯದ ಕವಾಟ ಕೆಡುತ್ತದೆ. ಒಂದೇ ಮನೆಯಲ್ಲಿ ಕಿಕ್ಕಿರಿದು ಬದುಕುವುದು ದೊಡ್ಡ ಕಾರಣ. ಒಮ್ಮೆ ಜ್ವರ ಬಂದ ಮಗುವಿಗೆ 28 ದಿನಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು, ಅದೂ ವರ್ಷಗಟ್ಟಲೆ. ಆ ಸೂಜಿಯ ನೋವು ನಿನಗೆ ಗೊತ್ತಿರಬೇಕು. ಮಗು ತಪ್ಪಿಸಿಕೊಂಡರೆ ಇವರು ನರ್ಸ್ ಜೊತೆ ಗಾಡಿ ಹತ್ತಿ ಹುಡುಕಿಕೊಂಡು ಹೋಗುತ್ತಿದ್ದರು. ಹೋದವರು ಮಗುವನ್ನು ಹಿಡಿಯುತ್ತಿರಲಿಲ್ಲ. ಅಜ್ಜಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಮುಖ ದಿಟ್ಟಿಸದೆ, ಆಕೆ ಮಾತೆತ್ತುವವರೆಗೆ ಸುಮ್ಮನಿರುತ್ತಿದ್ದರು. ಊರಿನಲ್ಲಿ ಸಾವಾಗಿದ್ದರೆ ಸತ್ತವರ ಹೆಸರನ್ನು ಬಾಯಿಗೆ ತರುತ್ತಿರಲಿಲ್ಲ, ಅದು ಅಲ್ಲಿನ ರೂಢಿ. ಅಷ್ಟು ಹೊತ್ತೂ ಸಿರಿಂಜು ಅವರ ಅಂಗೈಗಳ ನಡುವೆ ಉರುಳುತ್ತಿರುತ್ತಿತ್ತು. ಮದ್ದು ಬೆಚ್ಚಗಾದರೆ ನೋವು ತುಸು ಕಡಿಮೆ.

ಮೂರು ತಿಂಗಳಿಗೊಬ್ಬರಂತೆ ಬದಲಾಗುವ ವೈದ್ಯರ ಮುಂದೆ ಆ ಅಜ್ಜಿ ಬಾಯಿ ಬಿಡುವುದಿಲ್ಲ. ನಿನ್ನ ಕೇಂದ್ರದಲ್ಲೂ ಅಷ್ಟೇ ಅಲ್ಲವೇ?

ದೂರ ಎಂದರೆ ನಿನಗೆ ಭಯವಿರಲಾರದು. 2025ರಲ್ಲಿ ಸಿಗಂದೂರು ಸೇತುವೆ ತೆರೆಯುವವರೆಗೆ, ಸಂಜೆಯ ಕೊನೆಯ ಲಾಂಚ್ ಹೋದ ಮೇಲೆ ಹಿನ್ನೀರಿನಾಚೆಯ ತುಮರಿಯಲ್ಲಿ ಹೆರಿಗೆ ನೋವು ಬಂದರೆ ಏನು ಪಾಡೆಂದು ನಾವು ಕಂಡವರು. ಇಲ್ಲಿ 1928ರಲ್ಲಿ ಶುರುವಾದ ರಾಯಲ್ ಫ್ಲೈಯಿಂಗ್ ಡಾಕ್ಟರ್ ಸರ್ವಿಸ್ ಇದೆ. ಒಂಟಿ ಫಾರ್ಮುಗಳಲ್ಲಿ ಅವರ ಔಷಧಿ ಪೆಟ್ಟಿಗೆ ಇಟ್ಟಿರುತ್ತಾರೆ, ಒಳಗಿನ ಪ್ರತಿ ಔಷಧಿಗೂ ಒಂದು ಸಂಖ್ಯೆ. ವೈದ್ಯರು ಫೋನಿನಲ್ಲಿ ಸಂಖ್ಯೆ ಹೇಳುತ್ತಾರೆ, ಮನೆಯವರು ತೆಗೆದು ಕೊಡುತ್ತಾರೆ. ರಾತ್ರಿ ವಿಮಾನ ಇಳಿಯಬೇಕಾದರೆ ಮೊದಲು ಯಾರಾದರೂ ಜೀಪು ಓಡಿಸಿ ಮಣ್ಣಿನ ರನ್‌ವೇಯಿಂದ ಕಾಂಗರೂಗಳನ್ನು ಅಟ್ಟಬೇಕು.

ಸಂದರ್ಶನದಲ್ಲಿ ಮಂಗನ ಕಾಯಿಲೆಯ ಕೆಲಸವನ್ನು ಸಂಕೋಚವಿಲ್ಲದೆ ಹೇಳು. 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ರೋಗವನ್ನು ಅವರು ಓದಿರುತ್ತಾರೆ. ಕಾಡಂಚಿನ ಮನೆಗಳಿಗೆ ನಡೆದು, ಉಣುಗು ಕಚ್ಚದಂತೆ ಎಣ್ಣೆ ಹಚ್ಚಿಕೊಳ್ಳಲು ಒಪ್ಪಿಸಿದವಳು ನೀನು.

ಮನಸ್ಸು ಮೆಲ್ಬರ್ನಿನಲ್ಲೇ ಇದ್ದರೆ ಇಷ್ಟು ದೂರ ಬರಬೇಡ. ನಿಯಮಕ್ಕೆ ಒಳಪಡುವ ಊರುಗಳು ದೊಡ್ಡ ನಗರಗಳಿಗೆ ಹತ್ತಿರವೂ ಇವೆ. ನಾನು ಅವಧಿ ಮುಗಿದ ಮೇಲೂ ಇಲ್ಲೇ ಉಳಿದೆ, ಅದು ನನ್ನ ಹಟ. ಬರುವುದಾದರೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಕೇಳು: ರಾತ್ರಿ ತುರ್ತು ಬಂದರೆ ಜೊತೆಗೆ ಯಾರು, ರಜೆ ಹೋದರೆ ಬದಲಿ ಯಾರು, ಹಿಂದಿನ ವೈದ್ಯರು ಎಷ್ಟು ಕಾಲ ಇದ್ದರು, ಏಕೆ ಬಿಟ್ಟರು. ಕೊನೆಯದಕ್ಕೆ ಅವರು ತಡವರಿಸಿದರೆ ಸಹಿ ಹಾಕದೆ ನನಗೆ ಫೋನ್ ಮಾಡು.