ಹಲ್ಲಿಗೆ ಕ್ಲಿಪ್ ಹಾಕಿಸಿದವರು ಕ್ಲೋರ್‌ಹೆಕ್ಸಿಡಿನ್ ಬದಲು ಗಿಡಮೂಲಿಕೆಯ ಮೌತ್‌ವಾಶ್ ಬಳಸಬಹುದೇ?

ಜೀವಾಣು ಕೊಲ್ಲುವ ಮೌತ್‌ವಾಶ್ ಆದ ಕ್ಲೋರ್‌ಹೆಕ್ಸಿಡಿನ್ ಬಳಸಿದರೆ ಹಲ್ಲಿನ ಮೇಲೆ ಕಂದು ಕಲೆ, ನಾಲಿಗೆಗೆ ರುಚಿಯೇ ಹತ್ತದು. ಇದರಿಂದ ಬೇಸತ್ತು ತ್ರಿಫಲಾ, ಬೇವು ಎಂದು ಕೇಳುತ್ತಿದ್ದೀರಿ. ಇದೇ ಕಾರಣಕ್ಕೆ ನಾನೂ ಅತ್ತ ಹೊರಳಿದವಳು. ಕ್ಲಿಪ್ ಹಾಕಿಸಿದ ಮೇಲೆ ವಸಡು ಊದಿಕೊಂಡು ಬ್ರಷ್ ತಾಗಿದರೆ ರಕ್ತ ಬರುತ್ತಿತ್ತು. ವೈದ್ಯರು ಶೇ 0.2ರ ಕ್ಲೋರ್‌ಹೆಕ್ಸಿಡಿನ್ ಬರೆದುಕೊಟ್ಟು, ಎರಡು ವಾರ ಮಾತ್ರ ಎಂದಿದ್ದರು. ರಕ್ತ ನಿಂತ ಧೈರ್ಯದಲ್ಲಿ ನಾನು ಬಿಡದೆ ಬಳಸಿದೆ. ಬ್ರಾಕೆಟ್‌ಗಳ (ತಂತಿ ಹಿಡಿಯಲು ಹಲ್ಲಿಗೆ ಅಂಟಿಸಿದ ತುಣುಕುಗಳ) ಸುತ್ತ ಕಂದು ಗೆರೆ ಮೂಡಿದಾಗ ಗಾಬರಿಯಾಗಿ ತ್ರಿಫಲಾ ಕಷಾಯಕ್ಕೆ ಬಂದೆ.

ಕಷಾಯ ನನಗೆ ಕೆಡುಕು ಮಾಡಲಿಲ್ಲ. ಕೆಡುಕಾದದ್ದು ಅದನ್ನು ನಂಬಿ ನಾನು ಕೈಬಿಟ್ಟ ಎರಡು ಕೆಲಸಗಳಿಂದ. ಮುಕ್ಕಳಿಸಿದ ಬಾಯಿ ಒಗರಾಗಿ, ಶುಚಿಯಾದಂತೆ ಅನಿಸುತ್ತಿದ್ದುದರಿಂದ ರಾತ್ರಿ ತಂತಿಯಡಿ ಇಂಟರ್‌ಡೆಂಟಲ್ ಬ್ರಷ್ (ಸಂದುಗಳನ್ನು ಉಜ್ಜುವ ಸಣ್ಣ ಬ್ರಷ್) ಆಡಿಸುವುದನ್ನು ನಿಲ್ಲಿಸಿದೆ. ಎಲ್ಲವೂ ಸಹಜವಾಗಿರಲಿ ಎಂದು ಪೇಸ್ಟನ್ನೂ ಫ್ಲೋರೈಡ್ ಇಲ್ಲದ್ದಕ್ಕೆ ಬದಲಿಸಿದೆ. ಪ್ಲಾಕ್ ಎಂದರೆ ಜೀವಾಣುಗಳು ತಾವೇ ಸ್ರವಿಸಿದ ಅಂಟಿನೊಳಗೆ ನೆಲೆಸಿದ ಪದರ. ಅದು ಬಲಿತ ಮೇಲೆ ಕ್ಲೋರ್‌ಹೆಕ್ಸಿಡಿನ್ ಕೂಡ ತಳದವರೆಗೆ ಇಳಿಯುವುದು ಕಷ್ಟ, ಇನ್ನು ಕಷಾಯದ ಮಾತೇಕೆ? ತಳದಲ್ಲಿರುವ ಜೀವಾಣುಗಳು ಸಕ್ಕರೆಯನ್ನು ಆಮ್ಲವಾಗಿಸುತ್ತಲೇ ಇರುತ್ತವೆ, ಆಮ್ಲ ಹಲ್ಲಿನ ಹೊರಪದರವಾದ ಎನಾಮಲ್‌ನ ಕ್ಯಾಲ್ಸಿಯಂ ಮತ್ತು ಫಾಸ್ಫೇಟನ್ನು ಕರಗಿಸುತ್ತದೆ. ಕರಗಿದ್ದು ಮರಳಿ ಕೂರಲು ನೆರವಾಗುವ ಫ್ಲೋರೈಡನ್ನು ನಾನೇ ದೂರವಿಟ್ಟಿದ್ದೆ. ನೋವಿಲ್ಲ, ರಕ್ತವಿಲ್ಲ, ಏನೂ ಗೊತ್ತಾಗಲಿಲ್ಲ. ಬ್ರಾಕೆಟ್ ಬಿಚ್ಚಿದ ದಿನ ಅವು ಕೂತಿದ್ದ ಜಾಗದ ಸುತ್ತ ಸುಣ್ಣ ಬಳಿದಂತಹ ಬಿಳಿ ಮಚ್ಚೆಗಳಿದ್ದವು. ನಾನು ಅಷ್ಟು ಹೆದರಿದ್ದ ಕಂದು ಕಲೆ ಪಾಲಿಷ್ ಮಾಡಿದಾಗ ಹೋಯಿತು. ಬಿಳಿ ಮಚ್ಚೆ ಇಂದಿಗೂ ಇದೆ.

ಆದ್ದರಿಂದ ಯಾವ ಮೂಲಿಕೆ ಒಳ್ಳೆಯದು ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕ್ಲೋರ್‌ಹೆಕ್ಸಿಡಿನ್ ಅಲ್ಪಕಾಲದ ಔಷಧ, ದಿನನಿತ್ಯದ್ದಲ್ಲ. ದಿನವೂ ಬಳಸಬಾರದ್ದಕ್ಕೆ ದಿನವೂ ಬಳಸುವ ಬದಲಿ ಏಕೆ ಬೇಕು? ತ್ರಿಫಲಾ, ಗ್ರೀನ್ ಟೀ ಕ್ಲೋರ್‌ಹೆಕ್ಸಿಡಿನ್‌ಗೆ ಸಮೀಪದ ಫಲ ಕೊಟ್ಟವು ಎನ್ನುವ ಅಧ್ಯಯನಗಳಿವೆ, ನಿಜ. ಹೆಚ್ಚಿನವು ಕೆಲವೇ ವಾರಗಳವು. ಅಳೆದದ್ದು ಪ್ಲಾಕ್ ಮತ್ತು ವಸಡಿನ ಊತವನ್ನು, ಬಿಳಿ ಮಚ್ಚೆಯನ್ನಲ್ಲ. ಮನೆಯಲ್ಲಿ ಕುದಿಸಿದ ಕಷಾಯವಂತೂ ಒಂದು ದಿನದಂತೆ ಇನ್ನೊಂದು ದಿನ ಇರುವುದಿಲ್ಲ. ತ್ರಿಫಲಾದಲ್ಲಿರುವ ಒಗರಿನ ಅಂಶವಾದ ಟ್ಯಾನಿನ್ ಕೂಡ ಹಲ್ಲಿಗೆ ಕಲೆ ಹಿಡಿಸಬಲ್ಲದು.

ಬ್ರಷ್ಷನ್ನು ಓರೆಯಾಗಿ ಹಿಡಿದು ಬ್ರಾಕೆಟ್‌ನ ಮೇಲಂಚು, ಕೆಳಅಂಚು ಎರಡನ್ನೂ ಬೇರೆಬೇರೆಯಾಗಿ ಉಜ್ಜಿ. ತಂತಿಯಡಿ ಸಣ್ಣ ಬ್ರಷ್ ತಪ್ಪಿಸಬೇಡಿ. ಪ್ಲಾಕ್‌ಗೆ ಬಣ್ಣ ಹಿಡಿಸುವ ಮಾತ್ರೆಯನ್ನು ಒಮ್ಮೆ ಅಗಿದು ಕನ್ನಡಿ ನೋಡಿ, ಎಲ್ಲಿ ಉಳಿದಿದೆ ಎಂದು ಕಾಣುತ್ತದೆ. ಫ್ಲೋರೈಡ್ ಪೇಸ್ಟ್ ಇರಲಿ. ದಿನವೂ ಮುಕ್ಕಳಿಸಲೇಬೇಕೆಂದರೆ ಶೇ 0.05ರ ಸೋಡಿಯಂ ಫ್ಲೋರೈಡ್ ದ್ರಾವಣದ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಕಷಾಯದ ಮೇಲೆ ಪ್ರೀತಿಯಿದ್ದರೆ ಅದೂ ಇರಲಿ, ಫ್ಲೋರೈಡ್ ಬಳಸಿದ ಕೂಡಲೇ ಮಾತ್ರ ಬೇಡ, ಫ್ಲೋರೈಡ್ ತೊಳೆದುಹೋಗುತ್ತದೆ.

ವೈದ್ಯರು ಮತ್ತೆ ಕ್ಲೋರ್‌ಹೆಕ್ಸಿಡಿನ್ ಕೊಟ್ಟರೆ ಹಲ್ಲುಜ್ಜಿ ಅರ್ಧ ಗಂಟೆ ಬಿಟ್ಟು ಬಳಸಿ. ಪೇಸ್ಟಿನ ನೊರೆಯ ಅಂಶ ಅದರ ಶಕ್ತಿ ಕುಂದಿಸುತ್ತದೆ. ಇಷ್ಟೆಲ್ಲ ಮಾಡಿಯೂ ರಕ್ತ ಬರುತ್ತಿದ್ದರೆ ಪ್ಲಾಕ್ ಗಟ್ಟಿಯಾಗಿ ಕಿಟ್ಟ ಕೂತಿರಬಹುದು. ಅದನ್ನು ದಂತವೈದ್ಯರೇ ಕೆರೆದು ತೆಗೆಯಬೇಕು.