ತುಮಕೂರಿನಲ್ಲಿ ಇಪ್ಪತ್ತು ವರ್ಷ ಹಳೆಯ ಅಪಾರ್ಟ್‌ಮೆಂಟಿನ ಫ್ಲ್ಯಾಟ್ ಕೊಳ್ಳಬಹುದೇ?

ಕೊಳ್ಳಬಹುದು, ಆದರೆ ಈಜುಕೊಳ ನೋಡಿ ಮುಂಗಡ ಕೊಡಬೇಡಿ. ಮೊದಲು ಮಾಲೀಕರ ಸಂಘದ ಲೆಕ್ಕಪುಸ್ತಕ ಕೇಳಿ. ನಿಧಿ ಬರಿದಾಗಿದ್ದರೆ ಹೊಸ ಲಿಫ್ಟಿನ ಖರ್ಚು ಮನೆಮನೆಗೂ ಹಂಚಿಕೆಯಾಗುತ್ತದೆ, ನಿನ್ನೆ ಬಂದ ನಿಮಗೂ. ನಾನು ನೋಡಿದ ಒಂದು ಕಟ್ಟಡದಲ್ಲಿ ಈಜುಕೊಳದ ತಳದ ತುಂಬ ಒಣಗಿದ ಬೇವಿನೆಲೆ, ಮೇಲೆ ಬಟ್ಟೆ ಒಣಹಾಕಿದ ಹಗ್ಗ. ನಿರ್ವಹಣಾ ಶುಲ್ಕ ಮಾತ್ರ ತಪ್ಪದೆ ವಸೂಲಿ! ಬೇಸಿಗೆಯಲ್ಲೇ ಹೋಗಿ, ಸಂಪಿನ ಮುಚ್ಚಳ ತೆಗೆಸಿ ನೋಡಿ. ತಿಂಗಳಿಗೆ ಎಷ್ಟು ಟ್ಯಾಂಕರ್ ಬರುತ್ತವೆ ಎಂದು ಕಾವಲುಗಾರನನ್ನು ಕೇಳಿ. ಮಾರುವವರಿಗಿಂತ ಅವನ ಮಾತು ನಂಬಬಹುದು. ಕ್ರಯಪತ್ರದಲ್ಲಿ ಜಮೀನಿನ ಅವಿಭಜಿತ ಪಾಲು, ಅಂದರೆ ಕಟ್ಟಡ ನಿಂತ ನೆಲದಲ್ಲಿ ನಿಮ್ಮ ಫ್ಲ್ಯಾಟಿಗೆ ಸೇರುವ ಭಾಗ, ಸ್ಪಷ್ಟವಾಗಿರಲಿ; ಕಟ್ಟಡ ಹಳತಾದಷ್ಟೂ ಬೆಲೆ ಉಳಿಯುವುದು ಆ ನೆಲದ ಪಾಲಿಗೇ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆಯಡಿ ಫ್ಲ್ಯಾಟುಗಳನ್ನೂ ಸಾಮಾನ್ಯ ಜಾಗಗಳನ್ನೂ ವಿವರಿಸುವ ಘೋಷಣಾಪತ್ರ ನೋಂದಣಿಯಾಗಿದೆಯೇ ಎಂಬುದನ್ನೂ, ಪಾಲಿಕೆಯ ಇ-ಖಾತೆ, ಆಸ್ತಿಯ ಮೇಲಿನ ನೋಂದಾಯಿತ ಸಾಲ-ವ್ಯವಹಾರ ತೋರಿಸುವ ಋಣಭಾರ ಪತ್ರಗಳನ್ನೂ ವಕೀಲರಿಂದ ಪರಿಶೀಲಿಸಿಕೊಳ್ಳಿ.