ಗಟ್ಟಿ ಧರೆ ಯಾಕೆ ಹೇಳದೆ ಕೇಳದೆ ಕುಸಿಯುತ್ತೆ?

ಪ್ರಶ್ನೆ: ಮನೆ ಹಿಂದೆ ಹತ್ತಡಿ ಧರೆಯನ್ನು ನೆಟ್ಟಗೆ ಕಡಿಸಿದ್ದೆವು. ಕೆಂಪು ಗೊಚ್ಚು ಮಣ್ಣು, ಹಾರೆಗೂ ಜಗ್ಗದಷ್ಟು ಗಟ್ಟಿ. ಆರು ಮಳೆಗಾಲದಲ್ಲಿ ಒಂದು ಹಿಡಿ ಉದುರಿರಲಿಲ್ಲ. ಹೋದ ಆಷಾಢದ ಒಂದು ರಾತ್ರಿ ಅಷ್ಟೂ ಒಮ್ಮೆಲೇ ಕೊಟ್ಟಿಗೆ ಮೇಲೆ ಬಿತ್ತು. ದನ ಉಳಿದವು, ಪುಣ್ಯ. ಪಕ್ಕದಲ್ಲೇ ಇಳಿಜಾರಾಗಿದ್ದ ಮರಳು ದಿಬ್ಬಕ್ಕೆ ಏನೂ ಆಗಲಿಲ್ಲ. ಗಟ್ಟಿ ಇದ್ದದ್ದೇ ಬಿದ್ದದ್ದು ಹೇಗೆ?
— ಹೊಸನಗರ ತಾಲ್ಲೂಕಿನ ಓದುಗರು

ಉತ್ತರ: ಒಂದು ಎಳ್ಳುಂಡೆ ತಗೊಳ್ಳಿ, ತಮಾಷೆಯಲ್ಲ. ಎರಡೂ ಅಂಗೈ ನಡುವೆ ಇಟ್ಟು ಒಂದು ಕೈಯನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಳ್ಳಿ. ಹೀಗೆ ಒಂದು ಪದರವನ್ನು ಇನ್ನೊಂದರ ಮೇಲೆ ಜಾರಿಸುವ ಬಲಕ್ಕೇ ಎಂಜಿನಿಯರುಗಳು ಶಿಯರ್ ಅನ್ನುವುದು. ಉಂಡೆ ಮೊದಲು ಜಗ್ಗುವುದೇ ಇಲ್ಲ. ಆಮೇಲೆ ಟಕ್ ಅಂತ ಒಡೆಯುತ್ತದೆ, ಅದೂ ಎಳ್ಳು ಎಳ್ಳಾಗಿ ಅಲ್ಲ, ನಾಲ್ಕಾರು ಗಡ್ಡೆಯಾಗಿ. ಇನ್ನೂ ಉಜ್ಜಿದರೆ ಗಡ್ಡೆಗಳೂ ಪುಡಿಯಾಗಿ ಕೊನೆಗೆ ಬಿಡಿ ಎಳ್ಳು ಉಳಿಯುತ್ತದೆ.

ನಿಮ್ಮ ಧರೆಯಲ್ಲಿ ಎಳ್ಳಿನ ಜಾಗದಲ್ಲಿ ಮರಳು, ನೊರಜು. ಬೆಲ್ಲದ ಜಾಗದಲ್ಲಿ ಕಬ್ಬಿಣದ ತುಕ್ಕು, ಜಂಬಿಟ್ಟಿಗೆಗೆ ಕೆಂಪು ಬಣ್ಣ ಕೊಟ್ಟದ್ದೂ ಅದೇ. ಮಣ್ಣನ್ನು ಹಿಡಿದು ನಿಲ್ಲಿಸುವುದು ಎರಡು, ಅಂಟು ಮತ್ತು ಕಾಳು ಕಾಳಿನ ತಿಕ್ಕಾಟ ಅಂತ ಫ್ರಾನ್ಸಿನ ಎಂಜಿನಿಯರ್ ಕುಲಂಬ್ 1773ರಲ್ಲೇ ಲೆಕ್ಕ ಹಾಕಿ ತೋರಿಸಿದ್ದ. ಎಡವಟ್ಟು ಇರುವುದು ಇಲ್ಲಿ: ಇವೆರಡೂ ಒಟ್ಟಿಗೆ ಪೂರ್ತಿ ಕೆಲಸ ಮಾಡುವುದಿಲ್ಲ. ಅಂಟು ಚೂರೇ ಚೂರು ಸರಿದರೆ ಸಾಕು, ಮುರಿಯುತ್ತದೆ. ಆಮೇಲೆ ಉಳಿಯುವುದು ತಿಕ್ಕಾಟ ಒಂದೇ, ಅದರ ಬಲದಲ್ಲಿ ಒಣ ಮರಳು 30ರಿಂದ 35 ಡಿಗ್ರಿ ಇಳಿಜಾರಿಗಿಂತ ಜಾಸ್ತಿ ಕಡಿದಾಗಿ ನಿಲ್ಲುವುದಿಲ್ಲ. ನಿಮ್ಮದು 90 ಡಿಗ್ರಿ ಅಲ್ವಾ? ಒಂದು ಕಡೆ ಅಂಟು ಬಿಟ್ಟಾಗ ಆ ಭಾರ ಪಕ್ಕದ ಕಾಳುಗಳ ಮೇಲೆ ಬೀಳುತ್ತದೆ, ಅವೂ ಬಿಡುತ್ತವೆ, ಹೀಗೆ ಬಿರುಕು ಓಡುತ್ತಾ ಹೋಗಿ ಇಡೀ ಹೋಳು ಕಳಚುತ್ತದೆ. ಪಕ್ಕದ ದಿಬ್ಬ ಮೊದಲೇ ತನ್ನ ಇಳಿಜಾರಿಗೆ ಮಲಗಿತ್ತು, ಕಳೆದುಕೊಳ್ಳಲು ಅಂಟೇ ಇರಲಿಲ್ಲ.

ಮಳೆಗಾಲದಲ್ಲೇ ಯಾಕೆ? ತುಕ್ಕಿನ ಅಂಟು ಒಂದು ರಾತ್ರಿಯಲ್ಲಿ ಕರಗುವಂಥದ್ದಲ್ಲ. ಆದರೆ ಅರೆ ಒದ್ದೆ ಮಣ್ಣಿನಲ್ಲಿ ಕಾಳುಗಳ ನಡುವಿನ ನೀರಿನ ಹನಿಯೂ ಅವನ್ನು ಎಳೆದು ಹಿಡಿದಿರುತ್ತದೆ, ಬಿಡದೆ ಸುರಿದು ಸಂದುಗಳೆಲ್ಲ ತುಂಬಿದರೆ ಆ ಹಿಡಿತ ಮಾಯ. ಸಾಲದ್ದಕ್ಕೆ ಒಳಗಿನ ನೀರಿನ ಒತ್ತಡ ಕಾಳುಗಳನ್ನು ಒಂದರಿಂದೊಂದು ಬಿಡಿಸುತ್ತದೆ, ತಿಕ್ಕಾಟವೂ ಕಮ್ಮಿಯಾಗುತ್ತದೆ. ಗಟ್ಟಿ ಪದರದ ಅಡಿಗೆ ಶೇಡಿ ಮಣ್ಣು, ಅಂದರೆ ಬಿಳಿಚು ನುಣುಪು ಮಣ್ಣು, ಇದ್ದರಂತೂ ಕೇಳುವುದೇ ಬೇಡ. ಒಣಗಿದಾಗ ಕಲ್ಲಿನ ಹಾಗೆ, ನೆಂದಾಗ ಅಂಬಲಿ.

ಪ್ರಶ್ನೆ: ಬಿದ್ದ ಮಣ್ಣನ್ನೇ ದಮ್ಮಸು ಮಾಡಿ ಮತ್ತೆ ನೆಟ್ಟಗೆ ನಿಲ್ಲಿಸಿ, ಮುಖಕ್ಕೆ ಸಿಮೆಂಟ್ ಬಳಿದರೆ ಆಗುತ್ತಾ?
— ತೀರ್ಥಹಳ್ಳಿಯ ಓದುಗರು

ಉತ್ತರ: ಆಗಲ್ಲ. ಮುರಿದ ಅಂಟು ಎಷ್ಟು ಗುದ್ದಿದರೂ ಕೂಡುವುದಿಲ್ಲ, ಅದು ಸಾವಿರಾರು ವರ್ಷ ಕೂತು ಆದದ್ದು. ಬರೀ ಸಿಮೆಂಟ್ ಬಳಿದರೆ ನೀರು ಒಳಗೇ ನಿಂತು ಇನ್ನೂ ಕೆಡುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಕಡಿಸಿ, ಮೇಲ್ಗಡೆ ನೀರು ಬೇರೆ ಕಡೆ ಹೋಗಲು ಚರಂಡಿ ತೆಗೆಸಿ. ಗೋಡೆ ಕಟ್ಟಲೇಬೇಕೆಂದರೆ ನೀರು ಹೊರಬರಲು ತೂತು ಬಿಡಿಸಿ. ಧರೆಯ ನೆತ್ತಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಆ ರಾತ್ರಿ ಅದರ ಬುಡದ ಕೋಣೆಯಲ್ಲಿ ಮಲಗಬೇಡಿ, ದನಗಳನ್ನೂ ಬೇರೆ ಕಡೆ ಕಟ್ಟಿ.